ಛಾಯಾಗ್ರಹಣ ಕಲಿಯಲು ಎಂತಹ ಕ್ಯಾಮರಾ ಬೇಕು?

ಛಾಯಾಗ್ರಹಣವನ್ನು ಕಲಿಯಬೇಕೆಂಬ ಆಸೆ ಹುಟ್ಟಿದವರು ಕೇಳುವ ಮೊದಲನೆಯ ಪ್ರಶ್ನೆ ‘ಯಾವ ಕ್ಯಾಮರಾ ಕೊಳ್ಳಬೇಕು?’ ಎಂಬುದು. ಅಂಗಡಿಯಲ್ಲಿ ದೊರೆಯುವ ಉತ್ತರ ಬಹುಮಟ್ಟಿಗೆ ಮೆಗಾಪಿಕ್ಸೆಲ್ಲುಗಳ ಲೆಕ್ಕವಾಗಿರುತ್ತದೆ. ಗೆಳೆಯರಿಂದ ದೊರೆಯುವುದು ಯಾವುದೋ ಕಂಪೆನಿಯ ಹೆಸರು. ಈ ಎರಡು ಉತ್ತರಗಳಿಂದಲೂ ಕಲಿಯುವವರಿಗೆ ಹೆಚ್ಚಿನ ಪ್ರಯೋಜನವಿಲ್ಲ. ರಾಯಚೂರು, ಮಾನ್ವಿ, ದೇವದುರ್ಗಗಳಂತಹ ಊರುಗಳಲ್ಲಿ ಈ ಪ್ರಶ್ನೆಗೆ ಇನ್ನೂ ಒಂದು ತೂಕವುಂಟು. ಹತ್ತಿಯನ್ನೋ ಭತ್ತವನ್ನೋ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು ಮನೆಯ ಹಿರಿಯರು ಮಗನಿಗೋ ಮಗಳಿಗೋ ಕ್ಯಾಮರಾ ಕೊಡಿಸಿದರೆ, ಅದು ವರ್ಷಕ್ಕೊಮ್ಮೆ ಬದಲಾಯಿಸುವ ಪದಾರ್ಥವಲ್ಲ. ಆ ಹಣ ಯಾವುದಕ್ಕೆ ಸಲ್ಲಬೇಕು, ಯಾವುದಕ್ಕೆ ಸಲ್ಲಬಾರದು ಎಂಬುದನ್ನು ಮುಂಚಿತವಾಗಿ ತಿಳಿದಿರುವುದು ಒಳ್ಳೆಯದು.

ಇದನ್ನು ತಿಳಿಯಲು ದೊಡ್ಡ ವಿದ್ಯೆಯೇನೂ ಬೇಡ. ಹತ್ತನೆಯ ತರಗತಿಯಲ್ಲಿ ಕಲಿತ ಬೆಳಕಿನ ಪಾಠ, ಗುಣಾಕಾರ, ಭಾಗಾಕಾರ ಇಷ್ಟೇ ಸಾಕು. ಆ ಲೆಕ್ಕವನ್ನು ನಾವೇ ಮಾಡಿ ನೋಡೋಣ.

ಬೇವಿನ ನೆರಳಿನಲ್ಲಿ ಒಂದು ಕ್ಯಾಮರಾ

ಬಿಸಿಲು ನೆತ್ತಿಯ ಮೇಲಿರುವಾಗ ಬೇವಿನ ಮರದ ಕೆಳಗೆ ನಿಂತು ನೆಲವನ್ನು ನೋಡಿರಿ. ಎಲೆಗಳ ನಡುವಣ ಸಂದಿಗಳು ಮೂರು ಮೂಲೆಯವು, ಸೀಳಿನಂತಹವು, ನಾನಾ ಆಕಾರದವು. ಆದರೆ ನೆಲದ ಮೇಲೆ ಬಿದ್ದಿರುವ ಬೆಳಕಿನ ಚುಕ್ಕೆಗಳಲ್ಲಿ ಬಹುಪಾಲು ದುಂಡಗಿರುತ್ತವೆ. ಈ ಚುಕ್ಕೆಗಳು ಸಂದಿಗಳ ಆಕಾರಗಳಲ್ಲ, ಸೂರ್ಯನ ಪ್ರತಿಬಿಂಬಗಳು. ಸೂರ್ಯನ ವ್ಯಾಸಕ್ಕೂ ಅವನಿಗೂ ನಮಗೂ ಇರುವ ದೂರಕ್ಕೂ ಇರುವ ಪ್ರಮಾಣ ಸುಮಾರು 1ಕ್ಕೆ 108. ಆದುದರಿಂದ 5 ಮೀಟರ್ ಎತ್ತರದ ಸಣ್ಣ ಸಂದಿಯೊಂದರಿಂದ ಬಿದ್ದ ಬಿಂಬದ ಅಗಲ ಸುಮಾರು 46 ಮಿಲಿಮೀಟರ್ ಆಗುತ್ತದೆ. ಅಳೆದು ನೋಡಬಹುದು.

ಕ್ಯಾಮರಾದ ಮೂಲತತ್ತ್ವವೆಲ್ಲ ಇಷ್ಟರಲ್ಲಿಯೇ ಇದೆ. ಕತ್ತಲೆಯ ಪೆಟ್ಟಿಗೆಗೆ ಒಂದು ಸೂಜಿರಂಧ್ರ ಮಾಡಿದರೆ ಎದುರಿನ ಗೋಡೆಯ ಮೇಲೆ ಹೊರಗಿನ ದೃಶ್ಯ ತಲೆಕೆಳಗಾಗಿ ಮೂಡುತ್ತದೆ. ಆದರೆ ರಂಧ್ರ ಚಿಕ್ಕದಾದರೆ ಚಿತ್ರ ಮಂಕು. ದೊಡ್ಡದಾದರೆ ಚಿತ್ರ ಅಸ್ಪಷ್ಟ. ಈ ತೊಡಕನ್ನು ಬಿಡಿಸುವುದಕ್ಕಾಗಿಯೇ ರಂಧ್ರದ ಸ್ಥಾನದಲ್ಲಿ ಮಸೂರವನ್ನಿಡುವುದು. ಮಸೂರವು ಅಗಲವಾದ ದ್ವಾರದಿಂದ ಬಂದ ಕಿರಣಗಳನ್ನೆಲ್ಲ ಒಂದುಗೂಡಿಸಿ, ಬೆಳಕೂ ಹೆಚ್ಚು ಸ್ಪಷ್ಟತೆಯೂ ಹೆಚ್ಚು ಇರುವಂತೆ ಮಾಡುತ್ತದೆ. ಪೆಟ್ಟಿಗೆಯ ಹಿಂಭಾಗದಲ್ಲಿ ಹಿಂದೆ ಫಿಲ್ಮು ಇರುತ್ತಿತ್ತು. ಈಗ ಸಾಮಾನ್ಯವಾಗಿ ಸಿಲಿಕಾನಿನ ಸಂವೇದಕ ಫಲಕವಿರುತ್ತದೆ. ಅದರ ಮೇಲೆ ಬಿದ್ದ ಬೆಳಕು ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಅವುಗಳನ್ನು ಎಣಿಸಿದರೆ ಚಿತ್ರ. ಮಿಕ್ಕ ಅಲಂಕಾರಗಳೆಲ್ಲ ಇದರ ಮೇಲಿನ ಕಟ್ಟಡ.

ಕಲಿಯುವವರ ಕೈಯಲ್ಲಿರಬೇಕಾದ ಮೂರು ಅಳತೆಗಳು

ಚಿತ್ರ ತೆಗೆಯುವವರು ಪ್ರತಿಯೊಂದು ಚಿತ್ರಕ್ಕೂ ಮೂರು ಅಳತೆಗಳನ್ನು ನಿಶ್ಚಯಿಸಬೇಕಾಗುತ್ತದೆ.

ಮೊದಲನೆಯದು ಮಸೂರದ ದ್ವಾರ. ಇದನ್ನು ಅಪರ್ಚರ್ ಎಂದು ಕರೆಯುವುದು ರೂಢಿ. ಮಸೂರದ ಸಂಗಮದೂರವನ್ನು ದ್ವಾರದ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್-ಸಂಖ್ಯೆ. 50 ಮಿಲಿಮೀಟರ್ ಸಂಗಮದೂರದ ಮಸೂರಕ್ಕೆ 25 ಮಿಲಿಮೀಟರಿನ ದ್ವಾರವಿದ್ದರೆ ಅದು ಎಫ್/2. ದ್ವಾರವನ್ನು ಸುಮಾರು 3 ಮಿಲಿಮೀಟರಿಗೆ ಕಿರಿದು ಮಾಡಿದರೆ ಎಫ್/16. ಸಂಖ್ಯೆ ದೊಡ್ಡದಾದಷ್ಟೂ ದ್ವಾರ ಚಿಕ್ಕದು ಎಂಬುದನ್ನು ನೆನಪಿಡಬೇಕು. ಬೆಳಕು ದ್ವಾರದ ವಿಸ್ತೀರ್ಣಕ್ಕೆ ಅನುಗುಣವಾಗಿರುವುದರಿಂದ 2, 2.8, 4, 5.6, 8, 11, 16 ಎಂಬ ಮೆಟ್ಟಿಲುಗಳಲ್ಲಿ ಒಂದೊಂದನ್ನು ಹತ್ತಿದಾಗಲೂ ಬೆಳಕು ಅರ್ಧವಾಗುತ್ತದೆ. ಈ ವಿಚಿತ್ರ ಸಂಖ್ಯೆಗಳು 2ರ ವರ್ಗಮೂಲದಿಂದ ಗುಣಿಸುತ್ತ ಬಂದವು.

ಎರಡನೆಯದು ಷಟರ್ ಎಂಬ ಕವಾಟವು ತೆರೆದಿರುವ ಕಾಲ. ಇದು ಚಲನೆಯನ್ನು ಹಿಡಿಯುತ್ತದೆ, ಇಲ್ಲವೆ ಹರಿಯಬಿಡುತ್ತದೆ. 10 ಮೀಟರ್ ದೂರದಲ್ಲಿ ಸೆಕೆಂಡಿಗೆ 5 ಮೀಟರಿನಂತೆ ಅಡ್ಡಹಾಯುವ ಸೈಕಲ್ ಸವಾರನೊಬ್ಬನಿದ್ದಾನೆ ಎನ್ನೋಣ. 50 ಮಿಲಿಮೀಟರ್ ಮಸೂರದಲ್ಲಿ ಅವನ ಬಿಂಬವು ಸಂವೇದಕದ ಮೇಲೆ ಸೆಕೆಂಡಿಗೆ 25 ಮಿಲಿಮೀಟರ್ ಸರಿಯುತ್ತದೆ. ಕವಾಟವು ಸೆಕೆಂಡಿನ 50ನೆಯ ಒಂದು ಪಾಲು ತೆರೆದಿದ್ದರೆ ಬಿಂಬ ಅರ್ಧ ಮಿಲಿಮೀಟರ್ ಜಾರಿ ಸವಾರನು ಮಸುಕಾಗುತ್ತಾನೆ. 1000ನೆಯ ಒಂದು ಪಾಲು ತೆರೆದಿದ್ದರೆ ಜಾರುವುದು ಇದರ 20ನೆಯ ಒಂದು ಪಾಲು ಮಾತ್ರ.

ಮೂರನೆಯದು ಐಎಸ್‌ಒ ಎಂಬ ಅಂಕದಿಂದ ಸೂಚಿಸುವ ಸಂವೇದನೆ. ಫಿಲ್ಮಿನ ಕಾಲದಲ್ಲಿ ಇದು ಸುರುಳಿಯ ಗುಣವಾಗಿತ್ತು. ಈಗ ಚಿತ್ರದಿಂದ ಚಿತ್ರಕ್ಕೆ ಬದಲಾಯಿಸಬಹುದು. ಇದನ್ನು ಹೆಚ್ಚಿಸಿದರೆ ಬೆಳಕು ಹೆಚ್ಚುವುದಿಲ್ಲ, ದೊರೆತ ಅಲ್ಪ ಸಂಕೇತವನ್ನು ವರ್ಧಿಸಿದಂತಾಗುತ್ತದೆ ಅಷ್ಟೆ. ಅದರಿಂದ ಕಾಳುಕಾಳಾದ ಗದ್ದಲವೂ ಚಿತ್ರದಲ್ಲಿ ಎದ್ದು ತೋರುತ್ತದೆ.

ಈ ಮೂರನ್ನೂ ಹೊಂದಿಸಲು ಹಳಬರು ಒಂದು ಸುಲಭ ಸೂತ್ರವನ್ನು ಬಳಸುತ್ತಿದ್ದರು. ತಿಳಿಬಿಸಿಲಿನಲ್ಲಿ ದ್ವಾರವನ್ನು ಎಫ್/16ಕ್ಕೆ ಇಟ್ಟು, ಐಎಸ್‌ಒ 100 ಆಗಿದ್ದರೆ ಕಾಲವನ್ನು ಸೆಕೆಂಡಿನ 100ನೆಯ ಒಂದು ಪಾಲಿಗೆ ಇಡುವುದು. ಎಫ್/8, 400ನೆಯ ಒಂದು ಪಾಲು ಎಂದರೂ ಬೆಳಕಿನ ಮೊತ್ತ ಅಷ್ಟೇ. ಎಫ್/4, 1600ನೆಯ ಒಂದು ಪಾಲು ಎಂದರೂ ಅಷ್ಟೇ. ಆದರೆ ಈ ಮೂರು ಚಿತ್ರಗಳೂ ಒಂದೇ ಆಗಿರುವುದಿಲ್ಲ. ಮೊದಲನೆಯದರಲ್ಲಿ ಹತ್ತಿರದ ಕಲ್ಲೂ ದೂರದ ಬೆಟ್ಟವೂ ಸ್ಪಷ್ಟ. ಕೊನೆಯದರಲ್ಲಿ ಹಾರುವ ಬೆಳ್ಳಕ್ಕಿಯ ರೆಕ್ಕೆ ನಿಶ್ಚಲ, ಹಿನ್ನೆಲೆ ಮೃದು. ಬೆಳಕು ಒಂದೇ ಆಗಿದ್ದರೂ ಯಾವ ಚಿತ್ರ ಬೇಕೆಂದು ಆರಿಸುವ ಈ ಕೆಲಸವೇ ಛಾಯಾಗ್ರಹಣದ ಕಲಿಕೆ. ಆದುದರಿಂದ ಈ ಮೂರು ಅಳತೆಗಳನ್ನೂ ಕೈಯಿಂದಲೇ ಇಡಲು ಬಿಡುವ ಕ್ಯಾಮರಾ ಯಾವುದೋ ಅದೇ ಕಲಿಯುವವರ ಕ್ಯಾಮರಾ.

ಹತ್ತಿಯ ಹೊಲ ಕಲಿಸುವ ಪಾಠ

ಎಲ್ಲವನ್ನೂ ಕ್ಯಾಮರಾವೇ ತಾನಾಗಿ ಮಾಡಿಕೊಳ್ಳುವಾಗ ಈ ತೊಂದರೆ ಏಕೆ ಎಂದು ಕೆಲವರು ಕೇಳಬಹುದು. ದೇವದುರ್ಗದ ಕಡೆಯ ಹತ್ತಿಯ ಹೊಲವೊಂದಕ್ಕೆ ಹೋದರೆ ಉತ್ತರ ಅಲ್ಲಿಯೇ ದೊರೆಯುತ್ತದೆ. ಕ್ಯಾಮರಾದ ಬೆಳಕಳೆಯುವ ಯಂತ್ರಕ್ಕೆ ತಾನು ನೋಡುತ್ತಿರುವುದು ಬಿಳಿಯ ವಸ್ತುವೋ ಕರಿಯ ವಸ್ತುವೋ ತಿಳಿಯದು. ಲೋಕದಲ್ಲಿ ಎಲ್ಲವೂ ಸರಾಸರಿಯಾಗಿ ನಡುಬೂದು ಬಣ್ಣದ್ದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಹಿಂದಿರುಗಿಸತಕ್ಕದ್ದು ಎಂಬ ಎಣಿಕೆಯ ಮೇಲೆ ಅದು ನಡೆಯುತ್ತದೆ. ಅರಳಿದ ಹತ್ತಿಯ ಕಾಯಿಗಳು ಚೌಕಟ್ಟನ್ನು ತುಂಬಿದರೆ, ಬೆಳಕು ಹೆಚ್ಚಾಯಿತೆಂದು ಬಗೆದು ಯಂತ್ರವು ಅದನ್ನು ತಗ್ಗಿಸುತ್ತದೆ. ಬಿಳಿಯ ಹತ್ತಿ ಬೂದಿಯಾಗುತ್ತದೆ. ಪಕ್ಕದಲ್ಲಿ ಉತ್ತಿಟ್ಟ ಎರೆಮಣ್ಣಿನ ಹೊಲಕ್ಕೆ ತಿರುಗಿಸಿದರೆ, ಬೆಳಕು ಸಾಲದೆಂದು ಬಗೆದು ಹೆಚ್ಚಿಸುತ್ತದೆ. ಕರಿಯ ಮಣ್ಣೂ ಬೂದಿಯಾಗುತ್ತದೆ. ಹೊಸ ಯಂತ್ರಗಳು ದೃಶ್ಯವನ್ನು ಭಾಗಭಾಗವಾಗಿ ಪರೀಕ್ಷಿಸಿ ಈ ದೋಷವನ್ನು ಕೊಂಚ ಕಡಿಮೆ ಮಾಡಿವೆ, ಪೂರ್ತಿಯಾಗಿ ನಿವಾರಿಸಿಲ್ಲ. ಹತ್ತಿಗೆ ಒಂದೆರಡು ಮೆಟ್ಟಿಲು ಹೆಚ್ಚು ಬೆಳಕು, ಎರೆಮಣ್ಣಿಗೆ ಒಂದೆರಡು ಮೆಟ್ಟಿಲು ಕಡಿಮೆ ಎಂದು ತಿಳಿಸಬೇಕಾದವರು ನಾವು. ಮಾನ್ವಿಯ ಭತ್ತದ ಗದ್ದೆಗಳಲ್ಲಿ ಇದೇ ಕಷ್ಟ ಇನ್ನೊಂದು ರೂಪದಲ್ಲಿ ಬರುತ್ತದೆ. ಕಡುಹಸಿರಿನ ನಡುವೆ ನಿಂತ ಒಂದೇ ಒಂದು ಬೆಳ್ಳಕ್ಕಿಯನ್ನು ಯಂತ್ರವು ಲೆಕ್ಕಕ್ಕೇ ತೆಗೆದುಕೊಳ್ಳದೆ, ಅದರ ಗರಿಗಳ ವಿವರವನ್ನೆಲ್ಲ ಅಳಿಸಿ ಬಿಳಿಯ ಕಲೆಯಾಗಿಸಿಬಿಡುತ್ತದೆ.

ಇದಕ್ಕಿಂತಲೂ ದೊಡ್ಡ ಉದಾಹರಣೆಯೊಂದು ನಮ್ಮ ಜಿಲ್ಲೆಯಲ್ಲಿಯೇ ನಡೆದುಹೋಗಿದೆ. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ಕರ್ನಾಟಕದ ಕರಾವಳಿಯಿಂದ ಒಳನಾಡನ್ನು ಹೊಕ್ಕು ರಾಯಚೂರು ಜಿಲ್ಲೆಯ ಮೇಲೆ ಹಾದುಹೋಯಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಶಿಬಿರ ಹೂಡಿದ್ದರು. ಪೂರ್ಣಗ್ರಹಣ ಇದ್ದದ್ದು ಮೂರು ನಿಮಿಷಕ್ಕೂ ಕಡಿಮೆ. ಅಂತಹ ಹೊತ್ತಿನಲ್ಲಿ ಕಾಣುವ ಕರೋನಾ ಎಂಬ ಪ್ರಭಾವಲಯವು ಸೂರ್ಯನ ಅಂಚಿನಲ್ಲಿ ಇರುವುದಕ್ಕಿಂತ ಹೊರಭಾಗದಲ್ಲಿ ನೂರಾರು ಪಟ್ಟು ಮಂಕಾಗಿರುತ್ತದೆ. ಒಳಭಾಗಕ್ಕೆ ಹೊಂದುವ ಕಾಲದಲ್ಲಿ ಹೊರಭಾಗ ಮೂಡದು. ಹೊರಭಾಗಕ್ಕೆ ಹೊಂದುವ ಕಾಲದಲ್ಲಿ ಒಳಭಾಗ ಉರಿದುಹೋಗುವುದು. ಆದುದರಿಂದ ಕರೋನಾವನ್ನು ಚಿತ್ರಿಸುವವರು ಬೇರೆ ಬೇರೆ ಕಾಲಗಳ ಒಂದು ಸಾಲನ್ನೇ ಮುಂಚಿತವಾಗಿ ಲೆಕ್ಕಹಾಕಿಟ್ಟುಕೊಂಡು ಒಂದರ ಮೇಲೊಂದರಂತೆ ಚಿತ್ರ ತೆಗೆಯಬೇಕಾಗುತ್ತದೆ. ಸರಾಸರಿಯನ್ನು ಮಾತ್ರ ಬಲ್ಲ ಯಂತ್ರಕ್ಕೆ ಇದನ್ನು ಒಪ್ಪಿಸುವಂತಿಲ್ಲ. ಪೂರ್ಣಗ್ರಹಣದ ಆ ಕೆಲವು ಕ್ಷಣಗಳನ್ನು ಬಿಟ್ಟು ಉಳಿದ ಯಾವ ಹೊತ್ತಿನಲ್ಲಿಯೂ ತಕ್ಕ ಶೋಧಕವಿಲ್ಲದೆ ಸೂರ್ಯನ ಕಡೆಗೆ ಕಣ್ಣನ್ನಾಗಲಿ ಕ್ಯಾಮರಾವನ್ನಾಗಲಿ ತಿರುಗಿಸಬಾರದೆಂಬ ಎಚ್ಚರವನ್ನೂ ಇಲ್ಲಿಯೇ ಹೇಳಬೇಕು.

ಕೈಯಿಂದ ಅಳತೆಗಳನ್ನಿಡುವುದು ಹೊಸ ಮಾತೂ ಅಲ್ಲ. ತುಂಗಭದ್ರೆಯ ಆಚೆಯ ದಡದಲ್ಲಿ, ಹಂಪಿಯಲ್ಲಿ, 1856ರಷ್ಟು ಹಿಂದೆಯೇ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಅಲ್ಲಿಯ ಗುಡಿಗಳನ್ನು ಚಿತ್ರಿಸಿದನು. ಅವನಿಗೆ ಬೆಳಕಳೆಯುವ ಯಂತ್ರವಿರಲಿಲ್ಲ. ಕಣ್ಣಳತೆಯೂ ಅನುಭವವೂ ಇದ್ದವು. ಇದಕ್ಕೆ ಎದುರಾಗಿ, ಭಾರತದಲ್ಲಿಯೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಎಂಬ ಕ್ಯಾಮರಾ ಒಂದು ಕಾಲದಲ್ಲಿ ಎಷ್ಟೋ ಮನೆಗಳ ಮೊದಲ ಕ್ಯಾಮರಾ ಆಗಿತ್ತು. 120ರ ಸುರುಳಿಯಲ್ಲಿ 12 ಚಿತ್ರ. ಬಿಸಿಲಿಗೆ ಒಂದು ಗುರುತು, ಮೋಡಕ್ಕೆ ಒಂದು ಗುರುತು. ಮನೆಮಂದಿಯ ನೆನಪುಗಳನ್ನು ಉಳಿಸಲು ಅದು ಒದಗಿತು. ಆದರೆ ಆರಿಸಲು ಹೆಚ್ಚೇನೂ ಇಲ್ಲದ್ದರಿಂದ ಅದು ಕಲಿಸಬಹುದಾದುದೂ ಅಷ್ಟಕ್ಕೇ ನಿಂತಿತು.

ಜೇಬಿನಲ್ಲಿರುವ ಕ್ಯಾಮರಾ

ಇಂದು ಬಹುಮಂದಿ ವಿದ್ಯಾರ್ಥಿಗಳ ಜೇಬಿನಲ್ಲಿ ಫೋನಿನ ಕ್ಯಾಮರಾ ಇದ್ದೇ ಇದೆ. ಅದನ್ನು ತುಚ್ಛವಾಗಿ ಕಾಣಬೇಕಾಗಿಲ್ಲ. ಹಲವು ಫೋನುಗಳಲ್ಲಿ ‘ಪ್ರೊ’ ಎಂಬ ಹೆಸರಿನ ಒಂದು ವಿಧಾನವಿರುತ್ತದೆ. ಅದರಲ್ಲಿ ಕವಾಟದ ಕಾಲವನ್ನೂ ಐಎಸ್‌ಒವನ್ನೂ ನಾವೇ ಇಡಬಹುದು. ದ್ವಾರ ಮಾತ್ರ ಸಾಮಾನ್ಯವಾಗಿ ಸ್ಥಿರ. ಮೂರು ಅಳತೆಗಳಲ್ಲಿ ಎರಡನ್ನು ಹಣ ಖರ್ಚಿಲ್ಲದೆ ಕಲಿಯಬಹುದು ಎಂದಾಯಿತು.

ಫೋನಿನ ಎಲ್ಲೆ ಎಲ್ಲಿದೆ ಎಂಬುದನ್ನು ಅಂಕಿಗಳಿಂದ ನೋಡೋಣ. ಸಾಧಾರಣ ಫೋನೊಂದರ ಮಸೂರದ ಸಂಗಮದೂರ 6 ಮಿಲಿಮೀಟರ್, ಎಫ್-ಸಂಖ್ಯೆ 1.8, ಸಂವೇದಕದ ಅಗಲ 8 ಮತ್ತು ಎತ್ತರ 6 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಬೆಳಕು ಒಳಹೊಗುವ ದ್ವಾರದ ವ್ಯಾಸ 3.3 ಮಿಲಿಮೀಟರ್. ಈಗ ಮಸೂರ ಬದಲಾಯಿಸಬಹುದಾದ ಕ್ಯಾಮರಾವೊಂದನ್ನು ತೆಗೆದುಕೊಳ್ಳಿರಿ. ಕಡಮೆ ಬೆಲೆಯ ಇಂತಹ ಕ್ಯಾಮರಾಗಳಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಎಂಬ ಅಳತೆಯ ಸಂವೇದಕ ಸುಮಾರು 23.5 ಮಿಲಿಮೀಟರ್ ಅಗಲ, 15.6 ಮಿಲಿಮೀಟರ್ ಎತ್ತರ. ವಿಸ್ತೀರ್ಣದಲ್ಲಿ ಫೋನಿನದಕ್ಕಿಂತ ಏಳೂವರೆ ಪಟ್ಟು ಹೆಚ್ಚು.

ಇಷ್ಟನ್ನು ಕೇಳಿದೊಡನೆ ಕ್ಯಾಮರಾವೇ ಗೆದ್ದಿತು ಎನ್ನಿಸಬಹುದು. ಸ್ವಲ್ಪ ತಾಳಬೇಕು. ಕ್ಯಾಮರಾದೊಡನೆ ಪೆಟ್ಟಿಗೆಯಲ್ಲಿ ಬರುವುದು ಸಾಮಾನ್ಯವಾಗಿ 18ರಿಂದ 55 ಮಿಲಿಮೀಟರಿನವರೆಗೆ ಹಿಗ್ಗುವ ಜೂಮ್ ಮಸೂರ. ಫೋನಿನಷ್ಟೇ ದೃಶ್ಯವನ್ನು ತೋರಿಸುವ 18 ಮಿಲಿಮೀಟರಿನಲ್ಲಿ ಅದರ ಅತ್ಯಂತ ಅಗಲದ ದ್ವಾರ ಎಫ್/3.5. ಅಂದರೆ ವ್ಯಾಸ ಸುಮಾರು 5.1 ಮಿಲಿಮೀಟರ್ ಮಾತ್ರ. ಅದೇ ದೃಶ್ಯದಿಂದ ಅದು ಹಿಡಿಯುವ ಬೆಳಕು ಫೋನಿನದಕ್ಕಿಂತ ಹೆಚ್ಚೆಂದರೆ ಎರಡೂವರೆ ಪಟ್ಟು. ಫೋನಾದರೋ ಒಂದರ ಹಿಂದೊಂದು ಹಲವು ಚಿತ್ರಗಳನ್ನು ತೆಗೆದು, ಗಣಿತದಿಂದ ಕೂಡಿಸಿ, ಈ ಅಂತರವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಹೊಸ ಕ್ಯಾಮರಾ ಕೊಂಡು ಮೊದಲ ಸಂಜೆ ಮನೆಯೊಳಗೆ ಚಿತ್ರ ತೆಗೆದವರಿಗೆ ‘ಫೋನೇ ವಾಸಿಯಾಗಿತ್ತಲ್ಲ’ ಎನಿಸುವುದರ ಗುಟ್ಟು ಇದು. ದೋಷ ಕ್ಯಾಮರಾದ್ದಲ್ಲ, ಜೊತೆಗೆ ಬಂದ ಮಸೂರದ್ದು.

ಹಣ ಸಲ್ಲಬೇಕಾದುದು ಮಸೂರಕ್ಕೆ

ಜೂಮ್ ಮಾಡಲಾಗದ, ಒಂದೇ ಸಂಗಮದೂರದ ಮಸೂರಗಳೂ ಉಂಟು. ಅವುಗಳಲ್ಲಿ 50 ಮಿಲಿಮೀಟರ್ ಎಫ್/1.8 ಎಂಬುದು ರಚನೆಯಲ್ಲಿ ಸರಳ, ತೂಕದಲ್ಲಿ ಹಗುರ, ಬೆಲೆಯಲ್ಲಿಯೂ ಮಸೂರಗಳ ನಡುವೆ ಅಗ್ಗವಾದವುಗಳಲ್ಲೊಂದು. ಇದರ ದ್ವಾರದ ವ್ಯಾಸ ಸುಮಾರು 28 ಮಿಲಿಮೀಟರ್. ವಿಸ್ತೀರ್ಣ ಫೋನಿನ ದ್ವಾರದ 70 ಪಟ್ಟು. ದೃಶ್ಯದ ಅಗಲ ಕಡಿಮೆಯಾಗುವುದು ನಿಜ. ಆದರೆ ಎದುರಿಗೆ ಕುಳಿತ ಒಬ್ಬರ ಮುಖದಿಂದ ಬಂದ ಬೆಳಕಿನಲ್ಲಿ 70 ಪಟ್ಟು ಹೆಚ್ಚನ್ನು ಇದು ಸಂಗ್ರಹಿಸುತ್ತದೆ.

ಇದರ ಪರಿಣಾಮವನ್ನು ಮನೆಯೊಳಗೆ ಪರೀಕ್ಷಿಸೋಣ. ರಾತ್ರಿ ದೀಪ ಹಚ್ಚಿದ ಕೋಣೆಯ ಬೆಳಕು ಮಧ್ಯಾಹ್ನದ ಬಿಸಿಲಿನ ಸುಮಾರು 1000ನೆಯ ಒಂದು ಪಾಲು ಎನ್ನೋಣ. ಕೈ ನಡುಗಿ ಚಿತ್ರ ಕೆಡದಿರಲು ಕಾಲವನ್ನು ಸೆಕೆಂಡಿನ 50ನೆಯ ಒಂದು ಪಾಲಿಗಿಂತ ನಿಧಾನ ಮಾಡುವಂತಿಲ್ಲ. ಮೇಲಿನ ಬಿಸಿಲಿನ ಸೂತ್ರದಿಂದ ಹೊರಟರೆ ಲೆಕ್ಕ ಹೀಗೆ ಬರುತ್ತದೆ. ಜೂಮ್ ಮಸೂರವನ್ನು 50 ಮಿಲಿಮೀಟರಿನ ಹತ್ತಿರಕ್ಕೆ ತಂದರೆ ಅದರ ದ್ವಾರ ಎಫ್/5.6ಕ್ಕೆ ಕಿರಿದಾಗಿರುತ್ತದೆ, ಆಗ ಐಎಸ್‌ಒ ಸುಮಾರು 6,000ಕ್ಕೆ ಏರಬೇಕು. ಎಫ್/1.8 ಮಸೂರದಲ್ಲಿ ಸುಮಾರು 640 ಸಾಕು. ಹತ್ತರಷ್ಟು ವ್ಯತ್ಯಾಸ! ಬೆಳಕು ಕಣಕಣವಾಗಿ ಬರುವುದರಿಂದ ಅದರ ಎಣಿಕೆಯಲ್ಲಿ ಏರಿಳಿತ ಸಹಜ. 10,000 ಕಣಗಳು ಬಂದರೆ ಏರಿಳಿತ 100, ಎಂದರೆ ನೂರಕ್ಕೆ ಒಂದು. 100 ಕಣಗಳೇ ಬಂದರೆ ಏರಿಳಿತ 10, ಎಂದರೆ ನೂರಕ್ಕೆ ಹತ್ತು. ಬೆಳಕು ಕಡಿಮೆಯಾದಲ್ಲಿ ಚಿತ್ರ ಕಾಳುಕಾಳಾಗುವುದಕ್ಕೆ ಮುಖ್ಯ ಕಾರಣ ಈ ಗಣಿತ. ಯಾವ ಕಂಪೆನಿಯೂ ಇದನ್ನು ಮೀರಲಾರದು; ಮೀರುವ ದಾರಿ ಹೆಚ್ಚು ಬೆಳಕನ್ನು ಹಿಡಿಯುವುದೊಂದೇ.

ಆಳದ ಮಾತೂ ಹೀಗೆಯೇ. 2 ಮೀಟರ್ ದೂರದಲ್ಲಿ ಕುಳಿತ ಅಜ್ಜಿಯ ಚಿತ್ರವನ್ನು ಈ ಮಸೂರದಿಂದ ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿರುವ ಆಳ ಸುಮಾರು 11 ಸೆಂಟಿಮೀಟರ್, ಮೂಗಿನಿಂದ ಕಿವಿಯವರೆಗೆ ಎನ್ನಬಹುದು. ಹಿಂದಿನ ಗೋಡೆಯ ಕ್ಯಾಲೆಂಡರು, ಸ್ವಿಚ್ಚುಗಳು ಮೃದುವಾಗಿ ಕರಗುತ್ತವೆ. ಎಫ್/8ಕ್ಕೆ ಇಳಿಸಿದರೆ ಆಳ ಅರ್ಧ ಮೀಟರ್. ಫೋನಿನಲ್ಲಾದರೋ 3 ಮೀಟರಿಗೆ ಹೊಂದಿಸಿದರೆ ಒಂದೂವರೆ ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಅದರ ಹಿನ್ನೆಲೆಯ ಮಸುಕು ಬಹುಮಟ್ಟಿಗೆ ಗಣಿತದಿಂದ ಬಳಿದದ್ದು. ದ್ವಾರವೆಂಬ ಅಳತೆ ಏನು ಮಾಡುತ್ತದೆ ಎಂಬುದು ಫೋನಿನಲ್ಲಿ ಕಾಣುವುದೇ ಇಲ್ಲ.

ಮೆಗಾಪಿಕ್ಸೆಲ್ಲುಗಳ ಮಾತೇನು? 12 ಅಂಗುಲ ಅಗಲ, 8 ಅಂಗುಲ ಎತ್ತರದ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆಯಂತೆ ಬೇಕಾಗುವುದು 3600ನ್ನು 2400ರಿಂದ ಗುಣಿಸಿದಷ್ಟು, ಎಂದರೆ ಸುಮಾರು 86 ಲಕ್ಷ ಚುಕ್ಕೆಗಳು. ಇನ್ನೂ 9 ಮೆಗಾಪಿಕ್ಸೆಲ್ ಆಗಲಿಲ್ಲ. 24 ಮೆಗಾಪಿಕ್ಸೆಲ್ಲಿನ ಹಳೆಯ ಕ್ಯಾಮರಾವೂ ಕಲಿಯುವವರಿಗೆ ಬೇಕಾದುದಕ್ಕಿಂತ ಹೆಚ್ಚನ್ನೇ ಕೊಡುತ್ತದೆ. ಇನ್ನೊಂದು ಎಲ್ಲೆಯೂ ಇದೆ. ಕಿರಿದಾದ ದ್ವಾರದಲ್ಲಿ ಬೆಳಕು ವಿವರ್ತನೆಗೊಂಡು ಬಿಂದುವಿನ ಬಿಂಬ ಬಿಂದುವಾಗಿರದೆ ಬಿಲ್ಲೆಯಾಗುತ್ತದೆ. ಹಸಿರು ಬೆಳಕಿಗೆ ಎಫ್/16ರಲ್ಲಿ ಈ ಬಿಲ್ಲೆಯ ವ್ಯಾಸ ಸುಮಾರು 21 ಮೈಕ್ರೋಮೀಟರ್. 24 ಮೆಗಾಪಿಕ್ಸೆಲ್ ಸಂವೇದಕದ ಒಂದು ಪಿಕ್ಸೆಲ್ ಸುಮಾರು 4 ಮೈಕ್ರೋಮೀಟರ್. ಬಿಲ್ಲೆಯೊಂದು ಐದು ಪಿಕ್ಸೆಲ್‌ಗಳ ಅಗಲಕ್ಕೆ ಹರಡಿರುವಾಗ ಪಿಕ್ಸೆಲ್‌ಗಳನ್ನು ಇನ್ನೂ ಹೆಚ್ಚಿಸಿ ಫಲವೇನು? ನಿತ್ಯದ ಕೆಲಸಕ್ಕೆ ಎಫ್/8ರ ಸುತ್ತಮುತ್ತ ಇರುವುದು ಲೇಸು.

ರಾಯಚೂರಿನ ಬಿಸಿಲು ಬೇಡುವುದು

ಕ್ಯಾಮರಾ ಆರಿಸುವಾಗ ಅದನ್ನು ಬಳಸುವ ಊರನ್ನೂ ನೆನೆಯಬೇಕು. ರಾಯಚೂರಿನ ಅಕ್ಷಾಂಶ ಸುಮಾರು 16.2 ಡಿಗ್ರಿ ಉತ್ತರ. ವರ್ಷದಲ್ಲಿ ಎರಡು ಸಲ, ಮೇ 5ರ ಸುಮಾರಿಗೂ ಆಗಸ್ಟ್ 7-8ರ ಸುಮಾರಿಗೂ, ನಡುಹಗಲಿನ ಸೂರ್ಯ ಇಲ್ಲಿ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಮನುಷ್ಯರ ಕಣ್ಣುಗುಳಿಗಳು ಮಾತ್ರ ಕಪ್ಪಾಗಿ ಕಾಣುತ್ತವೆ. ಆ ಹೊತ್ತು ಮುಖಗಳಿಗೂ ಕೆತ್ತನೆಗಳಿಗೂ ಒದಗದು.

ಕೆತ್ತನೆಯ ಚಿತ್ರಕ್ಕೆ ಬೆಳಕು ಓರೆಯಾಗಿ ಸವರಿಕೊಂಡು ಹೋಗಬೇಕು. ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಮಿಕ್ಕು ಉದ್ದದ ಬೃಹತ್ ಶಿಲೆಯೊಂದಿದೆ. ಅದರ ಮೇಲೆ 1294ರ ಶಾಸನವಿದೆ. ಇಂತಹ ಶಾಸನದ ಅಕ್ಷರದ ಆಳ 3 ಮಿಲಿಮೀಟರ್ ಎನ್ನೋಣ. ಬೆಳಕು ಕಲ್ಲಿನ ಮೈಗೆ 45 ಡಿಗ್ರಿಯಲ್ಲಿ ಬಿದ್ದರೆ ಅಕ್ಷರದ ಅಂಚಿನ ನೆರಳೂ 3 ಮಿಲಿಮೀಟರ್. 10 ಡಿಗ್ರಿಯಲ್ಲಿ ಬಿದ್ದರೆ 17 ಮಿಲಿಮೀಟರ್. ನಡುಹಗಲಿನ ಎದುರುಬೆಳಕಿನಲ್ಲಿ ಓದಲಾಗದ ಸಾಲು ಓರೆಬೆಳಕಿನಲ್ಲಿ ತಾನಾಗಿ ಎದ್ದು ಬರುತ್ತದೆ. ಇದಕ್ಕೆ ಬೇಕಾದುದು ಬೆಲೆಬಾಳುವ ಕ್ಯಾಮರಾ ಅಲ್ಲ, ತಕ್ಕ ಹೊತ್ತಿಗೆ ಅಲ್ಲಿರುವ ತಾಳ್ಮೆ.

ಆದರೆ ಬಿಸಿಲು ಕ್ಯಾಮರಾದಿಂದ ಒಂದನ್ನು ಬೇಡುತ್ತದೆ. ಅದು ಕಣ್ಣಿಗೆ ಹಿಡಿದು ನೋಡುವ ಕಿಂಡಿ. ಹಿಂಬದಿಯ ಪರದೆ ಮಾತ್ರ ಇರುವ ಕ್ಯಾಮರಾಗಳು ಅಗ್ಗವಾಗಿ ದೊರೆಯಬಹುದು. ಏಪ್ರಿಲ್ ತಿಂಗಳ ಹಗಲಿನಲ್ಲಿ ಆ ಪರದೆಯಲ್ಲಿ ಕಾಣುವುದು ನೋಡುವವರ ಮುಖವೇ ಹೊರತು ದೃಶ್ಯವಲ್ಲ. ಕನ್ನಡಿಯ ಮೂಲಕ ಮಸೂರದ ಬಿಂಬವನ್ನೇ ತೋರಿಸುವ ಡಿಎಸ್‌ಎಲ್‌ಆರ್ ಆಗಲಿ, ಪುಟ್ಟ ವಿದ್ಯುತ್ ಪರದೆಯನ್ನು ಕಿಂಡಿಯೊಳಗೆ ಇಟ್ಟ ಮಿರರ್‌ಲೆಸ್ ಆಗಲಿ ಆಗಬಹುದು; ಕಿಂಡಿ ಮಾತ್ರ ಇರಲೇಬೇಕು.

ಕಚ್ಚಾ ರೂಪದಲ್ಲಿ ಚಿತ್ರವನ್ನು ಕಾದಿಡುವ ಸೌಲಭ್ಯವೂ ಇರಬೇಕು. ಇದಕ್ಕೆ ‘ರಾ’ ಕಡತವೆಂದು ಹೆಸರು. ಸಾಮಾನ್ಯ ಜೆಪೆಗ್ ಚಿತ್ರವು ಒಂದೊಂದು ಬಣ್ಣವನ್ನು 256 ಹಂತಗಳಲ್ಲಿ ದಾಖಲಿಸಿದರೆ, 12 ಬಿಟ್ಟಿನ ಕಚ್ಚಾ ಕಡತದಲ್ಲಿ 4,096 ಹಂತಗಳು, 14 ಬಿಟ್ಟಿನದರಲ್ಲಿ 16,384 ಹಂತಗಳು. ತಪ್ಪಿದ ಬೆಳಕನ್ನು ಅನಂತರ ತಿದ್ದಿ, ಎಲ್ಲಿ ತಪ್ಪಿತೆಂದು ಅರಿಯಲು ಇದರಿಂದ ಅನುಕೂಲ.

ಬಳಸಿದ ಕ್ಯಾಮರಾವನ್ನು ಪರೀಕ್ಷಿಸುವ ಬಗೆ

ಈ ಲಕ್ಷಣಗಳೆಲ್ಲ ಇರುವ ಕ್ಯಾಮರಾ ಹೊಸದೇ ಆಗಬೇಕೆಂಬ ನಿರ್ಬಂಧವಿಲ್ಲ. 2018ರಲ್ಲಿ ಹೊರಬಂದ ಕೆನಾನ್ 1500ಡಿ, ನಿಕಾನ್ ಡಿ3500 ಎಂಬ ಎರಡು ಮಾದರಿಗಳೂ 24 ಮೆಗಾಪಿಕ್ಸೆಲ್ಲಿನ, ಕಿಂಡಿಯುಳ್ಳ, ಮೂರು ಅಳತೆಗಳನ್ನೂ ಕೈಗೆ ಬಿಡುವ ಕ್ಯಾಮರಾಗಳು. ಇಂತಹವು ಬಳಸಿದ ಸ್ಥಿತಿಯಲ್ಲಿ ದೊರೆತರೆ ಉಳಿದ ಹಣವನ್ನು ಮಸೂರಕ್ಕೆ ತೊಡಗಿಸಬಹುದು. ಮಸೂರ ಕೊಳ್ಳುವಾಗ ಅದು ಆ ಕ್ಯಾಮರಾಕ್ಕೆ ಹೊಂದುವುದೇ ಎಂದು ನೋಡಬೇಕು. ಉದಾಹರಣೆಗೆ, ಡಿ3500ರ ಒಳಗೆ ಮಸೂರವನ್ನು ತಿರುಗಿಸುವ ಮೋಟಾರಿಲ್ಲ. ನಿಕಾನಿನ ಹಳೆಯ ಎಎಫ್-ಡಿ ಮಸೂರಗಳು ಅದರಲ್ಲಿ ತಾವಾಗಿ ಸ್ಪಷ್ಟತೆಗೆ ಹೊಂದಿಕೊಳ್ಳುವುದಿಲ್ಲ, ಎಎಫ್-ಎಸ್ ಎಂದು ಗುರುತಿರುವವು ಹೊಂದಿಕೊಳ್ಳುತ್ತವೆ.

ಬಳಸಿದ ಕ್ಯಾಮರಾವನ್ನು ಅಂಗಡಿಯಲ್ಲಿಯೇ ಕೆಲವು ಪರೀಕ್ಷೆಗಳಿಗೆ ಒಳಪಡಿಸಬೇಕು. ಮಸೂರವನ್ನು ಬೇರ್ಪಡಿಸಿ, ಒಂದು ಬದಿಯಿಂದ ಟಾರ್ಚಿನ ಬೆಳಕನ್ನು ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿರಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು, ಬಿಟ್ಟುಬಿಡುವುದೇ ಮೇಲು. ದ್ವಾರವನ್ನು ಎಫ್/16ಕ್ಕೆ ಇಟ್ಟು ತಿಳಿಯಾದ ಆಕಾಶದ ಚಿತ್ರ ತೆಗೆದರೆ ಸಂವೇದಕದ ಮೇಲಿನ ಧೂಳು ಕರಿಯ ಚುಕ್ಕೆಗಳಾಗಿ ತೋರುತ್ತದೆ. ಧೂಳನ್ನು ಶುದ್ಧಿ ಮಾಡಿಸಬಹುದು, ಗೀರಿದ್ದರೆ ಮಾಡಿಸಲಾಗದು. ಒಂದೇ ದೃಶ್ಯವನ್ನು ಎಫ್/4, 400ನೆಯ ಒಂದು ಪಾಲು. ಎಫ್/8, 100ನೆಯ ಒಂದು ಪಾಲು. ಎಫ್/16, 25ನೆಯ ಒಂದು ಪಾಲು ಹೀಗೆ ಮೂರು ಸಲ ಒಂದೇ ಐಎಸ್‌ಒದಲ್ಲಿ ತೆಗೆಯಿರಿ. ಮೂರು ಚಿತ್ರಗಳ ಬೆಳಕೂ ಸಮವಾಗಿದ್ದರೆ ದ್ವಾರದ ಎಲೆಗಳೂ ಕವಾಟವೂ ನೆಟ್ಟಗಿವೆ. ಒಂದು ಚಿತ್ರ ಎದ್ದುಕಾಣುವಷ್ಟು ಕಪ್ಪಾಗಿಯೋ ಬಿಳುಪಾಗಿಯೋ ಬಂದರೆ ಎಲ್ಲಿಯೋ ಕೆಟ್ಟಿದೆ ಎಂದರ್ಥ. ಮಾರುವವರ ಮಾತಿಗಿಂತ ಈ ಪರೀಕ್ಷೆಯ ಮಾತನ್ನು ನಂಬಬಹುದು.

ಕೊಂಡ ಮೇಲೆ ಎರೆಭೂಮಿಯ ಧೂಳಿನಲ್ಲಿ, ಗಾಳಿಗೆ ಎದುರಾಗಿ ನಿಂತು ಮಸೂರ ಬದಲಾಯಿಸಬಾರದು. ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ವಾಹನದೊಳಗೆ ಕ್ಯಾಮರಾ ಬಿಟ್ಟುಹೋಗಬಾರದು. ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದೊಡನೆ ಬಿಗಿಯಾದ ಡಬ್ಬಿಯಲ್ಲಿಡಬೇಕು.

ಇನ್ನು ಕ್ರಮವನ್ನು ಒಟ್ಟುಗೂಡಿಸಿ ಹೇಳುವುದಾದರೆ ಹೀಗೆ. ಮೊದಲು ಕೈಯಲ್ಲಿರುವ ಫೋನಿನ ಪ್ರೊ ವಿಧಾನದಲ್ಲಿ ಕಾಲವನ್ನೂ ಐಎಸ್‌ಒವನ್ನೂ ಬದಲಾಯಿಸುತ್ತ ಕೆಲವು ತಿಂಗಳು ದುಡಿಯಿರಿ. ಪ್ರತಿ ಚಿತ್ರದ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿರಿ. ಮೋಡದ ದಿನ ಬಿಸಿಲಿನ ಸೂತ್ರವನ್ನು ಎಷ್ಟು ತಿದ್ದಬೇಕು, ಹತ್ತಿಗೆ ಎಷ್ಟು ಕೂಡಿಸಬೇಕು, ಎರೆಮಣ್ಣಿಗೆ ಎಷ್ಟು ಕಳೆಯಬೇಕು ಎಂಬುದು ಯಂತ್ರವನ್ನು ನೋಡದೆಯೇ ಬಾಯಿಗೆ ಬರುವಂತಾಗಲಿ. ಆ ವೇಳೆಗೆ ಫೋನು ಎಲ್ಲಿ ಸಾಲದಾಯಿತೆಂದು ನಿಮಗೇ ತಿಳಿದಿರುತ್ತದೆ. ಅನಂತರ ಕೊಳ್ಳುವಾಗ ಮೊದಲು ಮೂರು ಅಳತೆಗಳ ಸ್ವಾತಂತ್ರ್ಯ, ಎರಡನೆಯದಾಗಿ ಅಗಲ ದ್ವಾರದ ಒಂದು ಮಸೂರ, ಮೂರನೆಯದಾಗಿ ಕಣ್ಣಿನ ಕಿಂಡಿ ಮತ್ತು ಕಚ್ಚಾ ಕಡತ, ಎಲ್ಲಕ್ಕೂ ಕೊನೆಯಲ್ಲಿ ಮೆಗಾಪಿಕ್ಸೆಲ್ ಎಂಬ ಕ್ರಮವನ್ನು ಅನುಸರಿಸಿರಿ. ಹಣ ಸಾಲದಿದ್ದರೆ ಕೊನೆಯಿಂದ ಬಿಡುತ್ತ ಬನ್ನಿರಿ, ಮೊದಲಿನಿಂದಲ್ಲ. ಹಾಗೆ ಕೊಂಡ ಕ್ಯಾಮರಾ ಹಳೆಯದಾಗಿದ್ದರೂ, ಮೈಗೆ ಗೀರು ಬಿದ್ದಿದ್ದರೂ ಚಿಂತೆಯಿಲ್ಲ. ನಾಳೆ ಬೆಳಗ್ಗೆ ಸೂರ್ಯ ಹುಟ್ಟಿ ಒಂದು ಗಂಟೆಯೊಳಗೆ ಕೋಟೆಯ ಗೋಡೆಯ ಬಳಿಗೋ ನಿಮ್ಮ ಊರ ಗುಡಿಯ ವೀರಗಲ್ಲಿನ ಬಳಿಗೋ ಅದನ್ನು ಕೊಂಡೊಯ್ದು ನೋಡಿರಿ.